ಗಣಿಯ ಕಾಗದಗಳನ್ನು ಅಳೆಯುವುದು: ಫ್ಲಾಟ್‌ಬೆಡ್ ಸ್ಕ್ಯಾನರನ್ನು ವೈಜ್ಞಾನಿಕ ಮಾಪಕವಾಗಿ ಅಳವಡಿಸುವ ವಿಧಾನ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ದಕ್ಷಿಣದಿಂದ ಉತ್ತರಕ್ಕೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಬಾಲಘಾಟ್ ಎಂದು ಸಾಲಾಗಿ ಹಬ್ಬಿದ್ದ ಐದು ಗಣಿಗಳಲ್ಲಿ ಕೊನೆಯವರೆಗೂ ಉಳಿದವು ಮೈಸೂರು, ಚಾಂಪಿಯನ್ ರೀಫ್ ಮತ್ತು ನಂದಿದುರ್ಗ. ಪಂಪುಗಳು ನಿಂತ ಮೇಲೆ ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಸುರಂಗಗಳಲ್ಲಿ ನೀರು ಏರತೊಡಗಿತು. ಅಳತೆಯ ಟೇಪನ್ನಾಗಲಿ ಥಿಯೊಡೊಲೈಟನ್ನಾಗಲಿ ಹಿಡಿದು ಆ ಆಳಕ್ಕೆ ಮತ್ತೊಮ್ಮೆ ಇಳಿಯುವುದು ಸಾಧ್ಯವಿಲ್ಲ. ಆದುದರಿಂದ ಈ ಗಣಿಗಳ ಬಗೆಗೆ ಇನ್ನು ಮುಂದೆ ಯಾವುದೇ ಹೊಸ ಅಳತೆ ನಡೆಯಬೇಕಾದರೂ ಅದರ ಬಹುಪಾಲು ನಡೆಯಬೇಕಾದುದು ಹಳೆಯ ಕಾಗದದ ಮೇಲೆ, ಟ್ರೇಸಿಂಗ್ ಬಟ್ಟೆಯ ಮೇಲೆ, ಛಾಯಾಚಿತ್ರದ ಫಿಲ್ಮಿನ ಮೇಲೆ.

ಇಂತಹ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸಬೇಕೆಂಬ ಮಾತು ಗ್ರಂಥಾಲಯಗಳಲ್ಲಿಯೂ ಸಂಶೋಧನ ಸಂಸ್ಥೆಗಳಲ್ಲಿಯೂ ಬಹುಕಾಲದಿಂದ ಕೇಳಿಬರುತ್ತಿದೆ. ಆದರೆ ಓದಲೆಂದು ಮಾಡಿದ ಪ್ರತಿಗೂ ಅಳೆಯಲೆಂದು ಮಾಡಿದ ಪ್ರತಿಗೂ ಇರುವ ಅಂತರವನ್ನು ಗಮನಿಸಿದವರು ಕಡಿಮೆ. ಕಛೇರಿಯ ಸ್ಕ್ಯಾನರಿನಿಂದ ತೆಗೆದ ಒಂದು ಸುಂದರ ಚಿತ್ರದಲ್ಲಿ ಗಣಿಯ ನಕ್ಷೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಅದರ ಮೇಲೆ ಎರಡು ಕೂಪಗಳ ನಡುವಿನ ಅಂತರವನ್ನು ಅಳೆದರೆ ಬರುವ ಉತ್ತರದಲ್ಲಿ ಎಷ್ಟು ತಪ್ಪಿದೆಯೆಂದು ಯಾರೂ ಹೇಳಲಾರರು. ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುವ ಆ ಯಂತ್ರವನ್ನೇ, ಅದರ ದೋಷಗಳನ್ನು ಮೊದಲು ಅಳೆದು, ನಂಬಬಹುದಾದ ಮಾಪಕವನ್ನಾಗಿ ಪರಿವರ್ತಿಸಬಹುದು. ಆ ಪರಿವರ್ತನೆಯ ವಿಧಾನವನ್ನೂ ಅದರ ಮಿತಿಗಳನ್ನೂ ಕೋಲಾರದ ದಾಖಲೆಗಳ ಬಗೆಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾಖಲೆಗಳ ಬಗೆಗಳು

ಅಳತೆಯ ದೃಷ್ಟಿಯಿಂದ ನೋಡಿದರೆ ಆಳದ ಗಣಿಯೊಂದು ಸೃಷ್ಟಿಸುವ ಕಾಗದಗಳು ಮೂರು ಬಗೆಯವು. ಮೊದಲನೆಯವು ಭೂಮಾಪನದ ನಕ್ಷೆಗಳು. ಅದಿರನ್ನು ತೆಗೆದು ಬರಿದಾದ ಜಾಗಗಳು, ಅಡ್ಡ ಸುರಂಗಗಳು, ಕೂಪಗಳು ಎಲ್ಲೆಲ್ಲಿವೆಯೆಂಬುದಕ್ಕೆ ಇವೇ ಆಧಾರ. ಆ ಬರಿದು ಜಾಗಗಳ ಮೇಲೆಯೇ ಇಂದು ಊರು ನಿಂತಿದೆ ಎಂಬುದನ್ನು ನೆನೆದರೆ ಈ ನಕ್ಷೆಗಳಲ್ಲಿ ಒಂದು ಮೀಟರಿನ ತಪ್ಪಿಗೆ ಇರುವ ಅರ್ಥ ತಿಳಿದೀತು.

ಎರಡನೆಯವು ಭೂಕಂಪಲೇಖಗಳು. ಕೋಲಾರದ ಗಣಿಗಳು ಶಿಲಾಸ್ಫೋಟಕ್ಕೆ ಹೆಸರಾದವು. ಆಳದ ಬಂಡೆ ತನ್ನ ಮೇಲಿನ ಒತ್ತಡವನ್ನು ತಾಳಲಾರದೆ ಸಿಡಿಯುವ ಈ ವಿದ್ಯಮಾನವನ್ನು ಗಣಿಯವರು ಏರ್‌ಬ್ಲಾಸ್ಟ್ ಎಂದೇ ಕರೆದರು. ಅದು ಅನೇಕ ಕಾರ್ಮಿಕರ ಪ್ರಾಣವನ್ನು ತೆಗೆದಿದೆ. ಇದನ್ನು ದಾಖಲಿಸಲು 20ನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಇಲ್ಲಿ ಭೂಕಂಪಮಾಪಕವನ್ನು ಸ್ಥಾಪಿಸಲಾಗಿತ್ತು. 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ನೆರವಿನಿಂದ ಅನೇಕ ಸಂವೇದಕಗಳ ಜಾಲವೊಂದು ಬಂದಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಹುಟ್ಟಿತು. ಗಣಿಗಳು ಮುಚ್ಚಿ ನೀರು ತುಂಬತೊಡಗಿದ ಮೇಲೂ ಈ ಪ್ರದೇಶದಲ್ಲಿ ಸಣ್ಣ ಕಂಪನಗಳು ಕಂಡುಬಂದಿರುವುದರಿಂದ, ಹಿಂದಿನ ಕಂಪನಗಳ ದಾಖಲೆ ಇತಿಹಾಸದ ಕುತೂಹಲಕ್ಕಷ್ಟೇ ಸೀಮಿತವಾದ ವಸ್ತುವಾಗಿ ಉಳಿದಿಲ್ಲ.

ಮೂರನೆಯವು ಭೌತವಿಜ್ಞಾನದ ಪ್ರಯೋಗಗಳಲ್ಲಿ ತೆಗೆದ ಫಿಲ್ಮುಗಳು. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಸಲಹೆಯಂತೆ ಬಿ.ವಿ. ಶ್ರೀಕಂಠನ್ ಅವರು ಇಲ್ಲಿನ ಗಣಿಗಳಲ್ಲಿ ಕಾಸ್ಮಿಕ್ ಕಿರಣಗಳ ಅಳತೆಯನ್ನು ಆರಂಭಿಸಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಇದೇ ಫಲವನ್ನು ಪಡೆಯಿತು. ಕೋಲಾರದ ಉಪಕರಣದಲ್ಲಿ ಎರಡು ಗೋಡೆಗಳಂತೆ ನಿಲ್ಲಿಸಿದ ಪ್ಲಾಸ್ಟಿಕ್ ಸಿಂಟಿಲೇಟರುಗಳ ನಡುವೆ ನಿಯಾನ್ ತುಂಬಿದ ಗಾಜಿನ ನಳಿಗೆಗಳ ಸಾಲುಗಳಿದ್ದವು. ಕಣವೊಂದು ಹಾದುಹೋದ ಕೂಡಲೇ ನಳಿಗೆಗಳಿಗೆ ಅಧಿಕ ವೋಲ್ಟೇಜಿನ ಸ್ಪಂದವನ್ನು ಕೊಟ್ಟರೆ ಆ ಹಾದಿಯಲ್ಲಿದ್ದ ನಳಿಗೆಗಳು ಮಾತ್ರ ಮಿನುಗುತ್ತಿದ್ದವು. ಅದನ್ನು ಕ್ಯಾಮೆರಾ ಹಿಡಿಯುತ್ತಿತ್ತು. ಕಣದ ದಿಕ್ಕನ್ನು ಆ ಚಿತ್ರದಿಂದ ಅಳೆಯಲಾಗುತ್ತಿತ್ತು.

ನಕ್ಷೆಯಲ್ಲಿ ಅಳೆಯಬೇಕಾದುದು ಉದ್ದ, ಭೂಕಂಪಲೇಖದಲ್ಲಿ ಕಾಲ, ಫಿಲ್ಮಿನಲ್ಲಿ ಬೆಳಗಿದ ಚುಕ್ಕೆಯ ಸ್ಥಾನ. ಸ್ಕ್ಯಾನರಿನ ಒಂದೇ ದೋಷ ಈ ಮೂರನ್ನೂ ಒಂದೇ ರೀತಿಯಲ್ಲಿ ಕಾಡುವುದಿಲ್ಲ.

ಸ್ಕ್ಯಾನರಿನ ಒಳಗೆ

ಫ್ಲಾಟ್‌ಬೆಡ್ ಸ್ಕ್ಯಾನರಿನ ಗಾಜಿನ ಕೆಳಗೆ ಒಂದು ದೀಪ ಹಾಗೂ ಬೆಳಕನ್ನು ಗ್ರಹಿಸುವ ಸಂವೇದಕಗಳ ಒಂದು ಸಾಲು ಇರುತ್ತವೆ. ಇವೆರಡನ್ನೂ ಹೊತ್ತ ಬಂಡಿಯೊಂದು ಹಲ್ಲಿನ ಪಟ್ಟಿಯ ನೆರವಿನಿಂದ ಉದ್ದಕ್ಕೂ ಚಲಿಸುತ್ತದೆ. ಆದ್ದರಿಂದ ಚಿತ್ರದ ಎರಡು ದಿಕ್ಕುಗಳ ಅಳತೆ ಎರಡು ಬೇರೆ ಮೂಲಗಳಿಂದ ಬರುತ್ತದೆ. ಅಡ್ಡ ದಿಕ್ಕಿನದು ಸಂವೇದಕಗಳ ನಡುವಣ ಅಂತರ ಮತ್ತು ಮಸೂರದ ಗುಣದಿಂದ. ಉದ್ದ ದಿಕ್ಕಿನದು ಮೋಟಾರಿನ ಹೆಜ್ಜೆ ಮತ್ತು ಪಟ್ಟಿಯ ಬಿಗಿತದಿಂದ. ಇವೆರಡೂ ಒಂದೇ ಆಗಿರುವವೆಂದು ತಯಾರಕರು ಭಾವಿಸುತ್ತಾರೆ. ಅಳೆಯುವವನು ಹಾಗೆ ಭಾವಿಸಬಾರದು.

ಸಂವೇದಕಗಳಲ್ಲಿ ಎರಡು ಪ್ರಭೇದಗಳಿವೆ. ಸಿಸಿಡಿ ಎಂದು ಕರೆಯುವ ಬಗೆಯಲ್ಲಿ ಕನ್ನಡಿಗಳೂ ಮಸೂರವೂ ಸೇರಿ ಚಿತ್ರವನ್ನು ಕುಗ್ಗಿಸಿ ಚಿಕ್ಕ ಸಂವೇದಕದ ಮೇಲೆ ಬೀಳಿಸುತ್ತವೆ. ಸಿಐಎಸ್ ಎಂಬ ಬಗೆಯಲ್ಲಿ ಪುಟದ ಅಗಲದಷ್ಟೇ ಉದ್ದದ ಸಂವೇದಕ ಗಾಜಿಗೆ ತೀರ ಹತ್ತಿರದಲ್ಲಿರುತ್ತದೆ. ಎರಡನೆಯದು ಅಗ್ಗ, ತೆಳು, ಹಗುರ. ಆದರೆ ಕಾಗದ ಗಾಜಿನಿಂದ ತುಸು ಮೇಲೆದ್ದರೂ ಚಿತ್ರ ಮಸುಕಾಗುತ್ತದೆ. ಮೊದಲನೆಯದರಲ್ಲಿ ಮಸುಕು ಕಡಿಮೆ, ಆದರೆ ಮೇಲೆದ್ದ ಭಾಗ ಅಡ್ಡ ದಿಕ್ಕಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ಸುಕ್ಕುಗಟ್ಟಿದ ಹಳೆಯ ದಾಖಲೆಗಳಿಗೆ ಮೊದಲನೆಯ ಬಗೆಯೇ ಮೇಲು. ಮಸುಕಾದ ಗೆರೆಯಿಂದ ಏನನ್ನೂ ಪಡೆಯಲಾಗದು, ಬಾಗಿದ ಗೆರೆಯನ್ನಾದರೋ ಲೆಕ್ಕದಿಂದ ಸರಿಪಡಿಸಬಹುದು.

ಅಂಗುಲಕ್ಕೆ 600 ಬಿಂದು ಎಂದರೆ ಒಂದು ಚಿತ್ರಬಿಂದು 42.3 ಮೈಕ್ರೊಮೀಟರ್, 1200 ಎಂದರೆ 21.2, 2400 ಎಂದರೆ 10.6. ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಗಳಲ್ಲಿ ಒಂದು ಭಾಗ ನಡುವೆ ಊಹಿಸಿ ತುಂಬಿದ ಬಿಂದುಗಳದ್ದು. ನಿಜವಾದ ವಿಭೇದನ ಶಕ್ತಿಯನ್ನು ತಿಳಿಯಲು ದುಬಾರಿ ಫಲಕವೇನೂ ಬೇಕಿಲ್ಲ. ಹೊಸದೊಂದು ಕ್ಷೌರದ ಬ್ಲೇಡನ್ನು ಸ್ವಲ್ಪ ಓರೆಯಾಗಿ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ, ಅದರ ಅಂಚಿನಲ್ಲಿ ಕಪ್ಪು ಬಿಳುಪಾಗಲು ಎಷ್ಟು ಬಿಂದುಗಳು ಬೇಕಾದವೆಂದು ಎಣಿಸಿದರೆ ಸಾಕು. ಓರೆಯಾಗಿಡುವುದು ಏಕೆಂದರೆ ಅಂಚು ಪ್ರತಿ ಸಾಲಿನಲ್ಲಿಯೂ ಬಿಂದುವಿನ ಬೇರೆ ಬೇರೆ ಭಾಗವನ್ನು ಕತ್ತರಿಸುತ್ತದೆ. ಅವುಗಳನ್ನೆಲ್ಲ ಕೂಡಿಸಿದಾಗ ಬಿಂದುವಿಗಿಂತ ಸಣ್ಣ ವಿವರವೂ ತಿಳಿಯುತ್ತದೆ. 2400 ಎಂದು ಹೇಳಿಕೊಂಡ ಯಂತ್ರ ಈ ಪರೀಕ್ಷೆಯಲ್ಲಿ ಅದರ ಅರ್ಧಕ್ಕೆ ಇಳಿಯುವುದು ಅಪರೂಪವೇನಲ್ಲ.

ಮಾಪಕವನ್ನಾಗಿಸುವ ಕ್ರಮ

ಯಂತ್ರವನ್ನು ಬಿಚ್ಚುವ ಮೊದಲು ಅದರ ಜಾಣತನವನ್ನು ಕೆಡಿಸಬೇಕು. ಮನೆಬಳಕೆಯ ಸ್ಕ್ಯಾನರಿನ ತಂತ್ರಾಂಶ ಪ್ರತಿ ಚಿತ್ರವನ್ನೂ ನೋಡಲು ಚೆನ್ನಾಗಿರುವಂತೆ ತಿದ್ದುತ್ತದೆ: ಬೆಳಕನ್ನು ಏರಿಳಿಸುತ್ತದೆ, ಅಂಚುಗಳನ್ನು ಚೂಪುಗೊಳಿಸುತ್ತದೆ, ಧೂಳನ್ನು ಅಳಿಸುತ್ತದೆ, ಓರೆಯಾದ ಪುಟವನ್ನು ನೆಟ್ಟಗೆ ಮಾಡುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಅಳತೆಗೆ ವೈರಿ. ಅಂಚನ್ನು ಚೂಪುಗೊಳಿಸಿದಾಗ ಗೆರೆಯ ಎರಡೂ ಬದಿಗೆ ಇಲ್ಲದ ಬಿಳಿಯ ಪಟ್ಟಿ ಹುಟ್ಟುತ್ತದೆ. ಧೂಳೆಂದು ಅಳಿಸಿದ ಚುಕ್ಕೆ ಭೂಮಾಪಕನು ಸೂಜಿಯಿಂದ ಚುಚ್ಚಿದ ನಿಲುಗಡೆಯ ಗುರುತಾಗಿರಬಹುದು. ಲಿನಕ್ಸ್ ಗಣಕಗಳಲ್ಲಿ ದೊರೆಯುವ ಸೇನ್ ಎಂಬ ಮುಕ್ತ ತಂತ್ರಾಂಶ ಇಲ್ಲವೆ ವ್ಯೂಸ್ಕ್ಯಾನ್‌ನಂಥವು ಈ ತಿದ್ದುಪಡಿಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿ ಸಂವೇದಕದ ಮೂಲ ಸಂಖ್ಯೆಗಳ ಹತ್ತಿರಕ್ಕೆ ಹೋಗಲು ಬಿಡುತ್ತವೆ. ಚಿತ್ರವನ್ನು ಟಿಫ್ ರೂಪದಲ್ಲಿ, ಬಣ್ಣಕ್ಕೆ 16 ಬಿಟ್‌ಗಳಂತೆ ಉಳಿಸಬೇಕು. ಜೆಪೆಗ್ ರೂಪ ಎಂಟೆಂಟು ಬಿಂದುಗಳ ಚೌಕಗಳಲ್ಲಿ ವಿವರವನ್ನು ಕಳೆಯುವುದರಿಂದ ತೆಳುವಾದ ಗೆರೆಗಳ ಸುತ್ತ ಸುಳ್ಳು ಕಲೆಗಳನ್ನು ಬಿಡುತ್ತದೆ.

ಇನ್ನು ಯಂತ್ರದ ಮೇಲಿನ ಕೆಲಸ. ಗಾಜಿನ ಒಂದು ಅಂಚಿಗೆ, ಸ್ಕ್ಯಾನ್ ಆಗುವ ಭಾಗದ ಒಳಗೇ, ಗಾಜಿನ ಮೇಲೆ ಕೊರೆದ ಅಳತೆಪಟ್ಟಿಯೊಂದನ್ನು ಶಾಶ್ವತವಾಗಿ ಅಂಟಿಸುವುದು ಮೊದಲ ಹೆಜ್ಜೆ. ಮುಂದೆ ತೆಗೆಯುವ ಪ್ರತಿಯೊಂದು ಚಿತ್ರದಲ್ಲಿಯೂ ಈ ಪಟ್ಟಿ ಮೂಡಿರುತ್ತದೆ. ಮೋಟಾರು ಎಲ್ಲಿ ತಡವರಿಸಿತು, ಪಟ್ಟಿ ಎಲ್ಲಿ ಜಾರಿತು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಅಡ್ಡ ದಿಕ್ಕಿಗೂ ಇಂಥದೇ ಒಂದು ಪಟ್ಟಿ ಬೇಕು. ಗಾಜು ಶಾಖಕ್ಕೆ ಹಿಗ್ಗುವ ಪ್ರಮಾಣ ಅತ್ಯಲ್ಪ: 30 ಸೆಂಟಿಮೀಟರ್ ಉದ್ದದ ಸಾಮಾನ್ಯ ಗಾಜು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹಿಗ್ಗುವುದು ಸುಮಾರು 27 ಮೈಕ್ರೊಮೀಟರ್, ಎಂದರೆ 600ರ ಸ್ಕ್ಯಾನಿನ ಒಂದು ಬಿಂದುವಿಗಿಂತಲೂ ಕಡಿಮೆ. ಪ್ಲಾಸ್ಟಿಕ್ಕಿನ ಅಳತೆಪಟ್ಟಿಯನ್ನಾಗಲಿ ಗಣಕದಲ್ಲಿ ಮುದ್ರಿಸಿದ ಕಾಗದದ ಚೌಕಗಳನ್ನಾಗಲಿ ಇದರ ಬದಲಿಗೆ ಬಳಸುವುದು ತರವಲ್ಲ. ಮುದ್ರಕವೂ ಒಂದು ಮೋಟಾರನ್ನೇ ಅವಲಂಬಿಸಿದ ಯಂತ್ರವಾದುದರಿಂದ ಒಂದರ ದೋಷವನ್ನು ಇನ್ನೊಂದರ ದೋಷದಿಂದ ಅಳೆದಂತಾಗುತ್ತದೆ.

ಎರಡನೆಯ ಹೆಜ್ಜೆ, ಮೂಲೆಯಲ್ಲಿ ಲಂಬಕೋನದ ಲೋಹದ ತುಂಡೊಂದನ್ನು ಕೂರಿಸಿ ದಾಖಲೆ ಪ್ರತಿ ಸಲವೂ ಒಂದೇ ಸ್ಥಾನದಲ್ಲಿ ನಿಲ್ಲುವಂತೆ ಮಾಡುವುದು. ಮೂರನೆಯದು, ಕಪ್ಪಿನಿಂದ ಬಿಳುಪಿನವರೆಗೆ ಗೊತ್ತಾದ ಮೆಟ್ಟಿಲುಗಳಿರುವ ಬೂದುಪಟ್ಟಿಯನ್ನು ಅಳತೆಪಟ್ಟಿಯ ಪಕ್ಕದಲ್ಲಿಡುವುದು. ಹಳೆಯ ಮಾದರಿಯ ಪ್ರತಿದೀಪ್ತ ದೀಪವಾದರೆ ಬೆಳಕು ಸ್ಥಿರವಾಗಲು ಕೆಲವು ನಿಮಿಷಗಳು ಬೇಕು. ಮೊದಲ ಒಂದೆರಡು ಸ್ಕ್ಯಾನುಗಳನ್ನು ಎಸೆದುಬಿಡುವುದು ಲೇಸು.

ಈಗ ಅಂಶಾಂಕನ, ಅಂದರೆ ಉಪಕರಣದ ಓದನ್ನು ನಿಜವಾದ ಅಳತೆಯೊಡನೆ ತಾಳೆ ನೋಡುವ ಕಾರ್ಯ. ಚೌಕಗಳನ್ನು ಕೊರೆದ ಗಾಜಿನ ಫಲಕವೊಂದನ್ನು ಸ್ಕ್ಯಾನ್ ಮಾಡಿ, ಅದನ್ನೇ 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಬೇಕು. ಫಲಕದ ತಪ್ಪು ಫಲಕದೊಡನೆ ತಿರುಗುತ್ತದೆ. ಯಂತ್ರದ ತಪ್ಪು ಯಂತ್ರದೊಡನೆಯೇ ಉಳಿಯುತ್ತದೆ. ಈ ಸರಳ ಉಪಾಯದಿಂದ ಎರಡನ್ನೂ ಬೇರ್ಪಡಿಸಬಹುದು. ಉದ್ದ ಮತ್ತು ಅಡ್ಡ ದಿಕ್ಕುಗಳ ಅಳತೆಯಲ್ಲಿ ಸಾವಿರಕ್ಕೆ ಎರಡರಷ್ಟು ವ್ಯತ್ಯಾಸವಿದೆಯೆಂದಿಟ್ಟುಕೊಂಡರೆ, ಎ4 ಪುಟದ 297 ಮಿಲಿಮೀಟರ್ ಉದ್ದದಲ್ಲಿ ಅದು 0.6 ಮಿಲಿಮೀಟರ್ ಆಗುತ್ತದೆ: 600ರ ಸ್ಕ್ಯಾನಿನಲ್ಲಿ 14 ಬಿಂದುಗಳು. ಬಿಂದುವಿನ ಗಾತ್ರವನ್ನೇ ಅಳತೆಯ ನಿಖರತೆಯೆಂದು ಬರೆದುಕೊಳ್ಳುವ ರೂಢಿ ಎಷ್ಟು ಅಪಾಯಕಾರಿ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಈ ವ್ಯತ್ಯಾಸ ಸ್ಥಿರವಾಗಿದ್ದರೆ ಒಂದು ಗುಣಕದಿಂದ ಅದನ್ನು ತೆಗೆದುಹಾಕಬಹುದು. ಒಂದೇ ಫಲಕವನ್ನು ಅಲುಗಿಸದೆ ಹತ್ತು ಸಲ ಸ್ಕ್ಯಾನ್ ಮಾಡಿದಾಗ ಹತ್ತು ಉತ್ತರಗಳು ಎಷ್ಟು ಚದುರುತ್ತವೆಯೋ ಅದು ಮಾತ್ರ ಯಾವ ಗುಣಕಕ್ಕೂ ಸಿಕ್ಕುವುದಿಲ್ಲ. ಆ ಚದುರುವಿಕೆಯೇ ಆ ಯಂತ್ರದ ನಿಜವಾದ ಮಿತಿ.

ಕಾಗದದ ಮೇಲೆ ಕಾಲವನ್ನು ಅಳೆಯುವುದು

ಯಾಂತ್ರಿಕ ಭೂಕಂಪಮಾಪಕದಲ್ಲಿ ಮಸಿ ಹಿಡಿಸಿದ ಕಾಗದವನ್ನು ಉರುಳೆಗೆ ಸುತ್ತಿರುತ್ತಿದ್ದರು. ಉರುಳೆ ತಿರುಗುತ್ತ ಮೆಲ್ಲನೆ ಪಕ್ಕಕ್ಕೆ ಸರಿಯುತ್ತಿತ್ತು. ಸೂಜಿ ಮಸಿಯನ್ನು ಗೀರಿ ಬಿಳಿಯ ಗೆರೆಯನ್ನೆಳೆಯುತ್ತಿತ್ತು. ಗಡಿಯಾರ ನಿಮಿಷಕ್ಕೊಮ್ಮೆ ಒಂದು ಗುರುತನ್ನು ಹಾಕುತ್ತಿತ್ತು. ಅನಂತರ ಕಾಗದಕ್ಕೆ ಅರಗಿನ ದ್ರಾವಣ ಹಾಯಿಸಿ ಮಸಿ ಉದುರದಂತೆ ಮಾಡುತ್ತಿದ್ದರು. ಹೀಗೆ ಹೊಳಪು ಬಂದ ಕಾಗದದ ಮೇಲೆ ಸ್ಕ್ಯಾನರಿನ ದೀಪ ಕೆಲವೆಡೆ ಪ್ರತಿಫಲಿಸಿ ಗೆರೆಯನ್ನು ನುಂಗುವುದುಂಟು. ಕಾಗದವನ್ನು 180 ಡಿಗ್ರಿ ತಿರುಗಿಸಿ ಎರಡನೆಯ ಸ್ಕ್ಯಾನ್ ತೆಗೆದರೆ ಒಂದರಲ್ಲಿ ಮರೆಯಾದುದು ಇನ್ನೊಂದರಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ.

ಕಾಗದ ನಿಮಿಷಕ್ಕೆ 30 ಮಿಲಿಮೀಟರ್ ಓಡುತ್ತಿದ್ದ ದಾಖಲೆಯನ್ನು ತೆಗೆದುಕೊಳ್ಳೋಣ. ಒಂದು ಸೆಕೆಂಡಿಗೆ ಅರ್ಧ ಮಿಲಿಮೀಟರ್. 600ರ ಸ್ಕ್ಯಾನಿನಲ್ಲಿ ಒಂದು ಬಿಂದು 0.085 ಸೆಕೆಂಡಿಗೆ ಸಮ. ಕಾಗದ ಕುಗ್ಗಿದ್ದರೂ ಉರುಳೆಯ ವೇಗ ಏರುಪೇರಾಗಿದ್ದರೂ ಚಿಂತೆಯಿಲ್ಲ: ಅಕ್ಕಪಕ್ಕದ ಎರಡು ನಿಮಿಷದ ಗುರುತುಗಳ ನಡುವಣ ಬಿಂದುಗಳನ್ನು 60ರಿಂದ ಭಾಗಿಸಿದರೆ ಆ ನಿಮಿಷದ ಮಟ್ಟಿಗೆ ಕುಗ್ಗುವಿಕೆ, ವೇಗ, ಸ್ಕ್ಯಾನರಿನ ದೋಷ ಮೂರೂ ಒಂದೇ ಏಟಿಗೆ ಕಳೆದುಹೋಗುತ್ತವೆ. ದಾಖಲೆಯ ಒಳಗೇ ಅಳತೆಗೋಲಿರುವುದು ಭೂಕಂಪಲೇಖದ ದೊಡ್ಡ ಭಾಗ್ಯ.

ಆದರೆ ಸೂಜಿಯನ್ನು ಹಿಡಿದ ತೋಳು ಒಂದು ಬಿಂದುವಿನ ಸುತ್ತ ತಿರುಗುವುದರಿಂದ ಅದು ಎಳೆಯುವುದು ನೆಟ್ಟನೆಯ ಗೆರೆಯನ್ನಲ್ಲ, ಕಮಾನನ್ನು. ತೋಳಿನ ಉದ್ದ 150 ಮಿಲಿಮೀಟರ್, ಸೂಜಿ ಪಕ್ಕಕ್ಕೆ ಸರಿದುದು 20 ಮಿಲಿಮೀಟರ್ ಎಂದಾದರೆ ಗೆರೆಯ ತುದಿ ಕಾಲದ ದಿಕ್ಕಿನಲ್ಲಿ ಸುಮಾರು 1.3 ಮಿಲಿಮೀಟರ್ ಪಲ್ಲಟಗೊಳ್ಳುತ್ತದೆ. ಮೇಲಿನ ವೇಗದಲ್ಲಿ ಅದು 2.7 ಸೆಕೆಂಡು, ಒಂದು ಬಿಂದುವಿನ 0.085 ಸೆಕೆಂಡಿಗಿಂತ ಮೂವತ್ತು ಪಟ್ಟು ಹೆಚ್ಚು. ಇದನ್ನು ತಿದ್ದಲು ಬೇಕಾದುದು ಹೆಚ್ಚಿನ ಬಿಂದುಗಳ ಸ್ಕ್ಯಾನರ್ ಅಲ್ಲ, ತೋಳಿನ ಉದ್ದವೆಷ್ಟೆಂದು ಬರೆದಿಟ್ಟ ಒಂದು ಸಾಲು. ಉಪಕರಣದ ವಿವರಣೆಯ ಹಳೆಯ ಕಡತವನ್ನು ಹರಿದುಹಾಕಿ ಲೇಖಗಳನ್ನು ಮಾತ್ರ ಜೋಪಾನ ಮಾಡುವ ಗ್ರಂಥಪಾಲನೆಯಿಂದ ಎಷ್ಟು ನಷ್ಟವೆಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಮಿತಿಗಳೂ ಇವೆ. ಗಟ್ಟಿ ಬಂಡೆಯಲ್ಲಿ ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುತ್ತದೆ. ಕಾಲದಲ್ಲಿ 0.1 ಸೆಕೆಂಡಿನ ತಪ್ಪು ಎಂದರೆ ದೂರದಲ್ಲಿ 600 ಮೀಟರ್. ಉದ್ದಕ್ಕೆ ಎಂಟು ಕಿಲೋಮೀಟರಿನಷ್ಟೇ ಹರಡಿದ್ದ ಗಣಿ ಪ್ರದೇಶದಲ್ಲಿ ಇಂಥ ಲೇಖದಿಂದ ಶಿಲಾಸ್ಫೋಟ ಯಾವ ಗಣಿಯ ಯಾವ ಮಟ್ಟದಲ್ಲಿ ಆಯಿತೆಂದು ನಿರ್ಧರಿಸುವುದು ಸಾಧ್ಯವಿಲ್ಲ; ಒಂದೇ ನಿಲ್ದಾಣವಾದರಂತೂ ಆಗದ ಮಾತು. ಬಹು ಸಂವೇದಕಗಳ ಜಾಲ ಬೇಕಾದುದೇ ಆ ಕಾರಣಕ್ಕೆ. ಹಳೆಯ ಲೇಖಗಳು ಹೇಳಬಲ್ಲುದು ಬೇರೆ: ಕಂಪನ ಯಾವ ಹೊತ್ತಿಗೆ ಆಯಿತು, ಎಷ್ಟು ಹೊತ್ತು ಇತ್ತು, ಒಂದರ ಹಿಂದೆ ಎಷ್ಟು ಬಂದವು, ಎಷ್ಟು ಪ್ರಬಲವಾಗಿದ್ದವು. ದೊಡ್ಡ ಸ್ಫೋಟದಲ್ಲಿ ಸೂಜಿ ಅತಿ ವೇಗವಾಗಿ ಚಲಿಸಿ ಗೆರೆ ತೆಳುವಾಗಿ ಪಕ್ಕದ ಗೆರೆಗಳೊಡನೆ ಹೆಣೆದುಕೊಂಡಾಗ ಗಣಕದ ತಂತ್ರಾಂಶ ದಾರಿ ತಪ್ಪುತ್ತದೆ; ಅಲ್ಲಿ ಪಳಗಿದ ಕಣ್ಣೇ ಗೆರೆಯನ್ನು ಹಿಂಬಾಲಿಸಬೇಕು. ಇಟಲಿಯ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ಸಂಸ್ಥೆಯ ಸಿಸ್ಮೋಸ್ ಯೋಜನೆ ಹಳೆಯ ಭೂಕಂಪಲೇಖಗಳನ್ನು ದೊಡ್ಡ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿ, ಗೆರೆಗಳನ್ನು ಸಂಖ್ಯೆಗಳಾಗಿಸುವ ಕೆಲಸಕ್ಕೆ ಮಾದರಿಯಾಗಿದೆ.

ನಕ್ಷೆಗಳ ಸಮಸ್ಯೆ

ನಕ್ಷೆಯದು ಹೆಚ್ಚು ತೊಡಕಿನ ವಿಷಯ. 1:500 ಪ್ರಮಾಣದ ನಕ್ಷೆಯಲ್ಲಿ 600ರ ಸ್ಕ್ಯಾನಿನ ಒಂದು ಬಿಂದು ನೆಲದ ಮೇಲಿನ 2 ಸೆಂಟಿಮೀಟರಿಗೆ ಸಮವೆಂದು ಕೇಳಿದಾಗ ಸಮಾಧಾನವೆನಿಸುತ್ತದೆ. ಆದರೆ ಕಾಗದ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುವ ವಸ್ತು. ನಾರಿನ ದಿಕ್ಕಿನಲ್ಲಿ ಒಂದು ಪ್ರಮಾಣ, ಅದಕ್ಕೆ ಅಡ್ಡವಾಗಿ ಇನ್ನೊಂದು. 300 ಮಿಲಿಮೀಟರಿನಲ್ಲಿ ನೂರಕ್ಕೆ ಅರ್ಧದಷ್ಟು ಕುಗ್ಗಿದರೆ 1.5 ಮಿಲಿಮೀಟರ್, ನೆಲದ ಮೇಲೆ 75 ಸೆಂಟಿಮೀಟರ್. ಸ್ಕ್ಯಾನರಿನ ದಿಕ್ಕಿನ ದೋಷವನ್ನು ತಿದ್ದದೆ ಬಿಟ್ಟರೆ ಮೇಲೆ ಹೇಳಿದ 0.6 ಮಿಲಿಮೀಟರ್, ನೆಲದ ಮೇಲೆ 30 ಸೆಂಟಿಮೀಟರ್.

ಇದಕ್ಕೆ ಮದ್ದು ನಕ್ಷೆಯಲ್ಲಿಯೇ ಇರುತ್ತದೆ. ಭೂಮಾಪಕರು ನಕ್ಷೆಯನ್ನು ಬರೆಯುವ ಮೊದಲು ಎಳೆದ ಚೌಕಜಾಲದ ಗೆರೆಗಳು ಕಾಗದದೊಡನೆಯೇ ಕುಗ್ಗಿರುತ್ತವೆ. ಸ್ಕ್ಯಾನ್ ಆದ ಚಿತ್ರದಲ್ಲಿ ಆ ಜಾಲದ ಪ್ರತಿಯೊಂದು ಸಂಧಿಯನ್ನೂ ಗುರುತಿಸಿ, ಅದು ಇರಬೇಕಾದ ಸ್ಥಾನಕ್ಕೆ ಎಳೆದು ಕೂರಿಸಿದರೆ ನಡುವಿನ ವಿವರವೂ ಅದರೊಡನೆ ಸರಿಯುತ್ತದೆ. ಚಿತ್ರದ ಅಂಚು ಹಾಳಾಗಿದೆಯೆಂದು ಕತ್ತರಿಸಿ ಸ್ಕ್ಯಾನ್ ಮಾಡುವುದು, ಜಾಲದ ಮಸುಕಾದ ಗೆರೆಗಳನ್ನು ಕೊಳೆಯೆಂದು ಅಳಿಸಿ ನಕ್ಷೆಯನ್ನು ಬೆಳ್ಳಗೆ ಮಾಡುವುದು, ಇವು ಸದುದ್ದೇಶದಿಂದ ನಡೆಯುವ ಅನಾಹುತಗಳು.

ನಕ್ಷೆಗಳು ಎ4 ಗಾತ್ರಕ್ಕೆ ಒಗ್ಗುವುದಿಲ್ಲವೆಂಬುದು ಇನ್ನೊಂದು ತೊಡಕು. ತುಂಡು ತುಂಡಾಗಿ ಸ್ಕ್ಯಾನ್ ಮಾಡಿ ಒಂದರ ಅಂಚನ್ನು ಮತ್ತೊಂದರ ಅಂಚಿಗೆ ಹೊಂದಿಸುತ್ತ ಹೋದರೆ ತಪ್ಪು ಕೂಡುತ್ತ ಹೋಗುತ್ತದೆ. ಪ್ರತಿ ಬೆಸುಗೆಯಲ್ಲಿ 0.1 ಮಿಲಿಮೀಟರ್ ಒಂದೇ ಕಡೆಗೆ ತಪ್ಪಿದರೂ ಎಂಟು ಬೆಸುಗೆಗಳಲ್ಲಿ 0.8 ಮಿಲಿಮೀಟರ್. ಆದ್ದರಿಂದ ತುಂಡುಗಳನ್ನು ನೆರೆಯ ತುಂಡಿಗೆ ಹೊಂದಿಸದೆ ಪ್ರತಿಯೊಂದನ್ನೂ ನೇರವಾಗಿ ಚೌಕಜಾಲಕ್ಕೇ ಹೊಂದಿಸಬೇಕು. ಸ್ಕ್ಯಾನರಿನ ಗಾಜಿನ ಸುತ್ತಲಿನ ಎತ್ತರದ ಅಂಚು ದೊಡ್ಡ ಹಾಳೆಯನ್ನು ಮೇಲಕ್ಕೆತ್ತುವುದರಿಂದ ಆ ಭಾಗ ಮಸುಕಾಗಿಯೋ ಚಿಕ್ಕದಾಗಿಯೋ ಮೂಡುತ್ತದೆ. ಹಾಳೆಯನ್ನು ಮೇಜಿನ ಮೇಲೆ ಹರಡಿ, ಮುಚ್ಚಳ ತೆಗೆದ ಹಗುರವಾದ ಸ್ಕ್ಯಾನರನ್ನು ಅದರ ಮೇಲೆ ಬೋರಲು ಹಾಕುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ಶಿಥಿಲವಾದ ಟ್ರೇಸಿಂಗ್ ಬಟ್ಟೆಯನ್ನು ಎತ್ತಿ ಇಡುವ ಅಪಾಯ ಇದರಿಂದ ತಪ್ಪುತ್ತದೆ. ಆದರೆ ಬೋರಲಾದ ಯಂತ್ರದಲ್ಲಿ ಬಂಡಿಯ ಭಾರ ಬೇರೆ ಕಡೆಗೆ ಬೀಳುವುದರಿಂದ, ನೆಟ್ಟಗಿದ್ದಾಗ ಮಾಡಿದ ಅಂಶಾಂಕನ ಅಲ್ಲಿ ಸಲ್ಲುವುದಿಲ್ಲ. ಬೋರಲಾಗಿಯೇ ಮತ್ತೊಮ್ಮೆ ಮಾಡಬೇಕು.

ಫಿಲ್ಮು, ಕಲ್ಲು ಮತ್ತು ಬೂದುಬಣ್ಣ

ನಿಯಾನ್ ನಳಿಗೆಗಳ ಫಿಲ್ಮಿನಲ್ಲಿ ಕೆಲಸ ಅಚ್ಚರಿಯೆನಿಸುವಷ್ಟು ಸುಲಭ. ಅಲ್ಲಿ ಕೇಳಬೇಕಾದ ಪ್ರಶ್ನೆ ಯಾವ ನಳಿಗೆ ಬೆಳಗಿತು ಎಂಬುದಷ್ಟೆ. ನಳಿಗೆಗಳ ಸ್ಥಾನ ಉಪಕರಣವನ್ನು ಕಟ್ಟಿದಾಗಲೇ ಗೊತ್ತಾಗಿರುತ್ತದೆ. ಮೂರು ಮೀಟರ್ ಎತ್ತರದ ಸಾಲನ್ನು 24 ಮಿಲಿಮೀಟರಿಗೆ ಕುಗ್ಗಿಸಿ ಚಿತ್ರ ತೆಗೆದಿದೆಯೆಂದು ಭಾವಿಸಿದರೆ 2 ಸೆಂಟಿಮೀಟರ್ ದಪ್ಪದ ನಳಿಗೆ ಫಿಲ್ಮಿನ ಮೇಲೆ 0.16 ಮಿಲಿಮೀಟರ್ ಆಗುತ್ತದೆ. ಹೆಸರಿಗೆ 2400ರ ಸ್ಕ್ಯಾನಿನಲ್ಲಿ ಅದು 15 ಬಿಂದು. ಯಂತ್ರದ ನಿಜವಾದ ಶಕ್ತಿ ಅರ್ಧವಾದರೂ ಏಳು ಉಳಿಯುತ್ತದೆ. ಪಾರದರ್ಶಕ ವಸ್ತುವಿಗೆ ಮೇಲಿನಿಂದ ಬೆಳಕು ಕೊಡುವ ಮುಚ್ಚಳವಿದ್ದರೆ ಸಾಕು. ಇದೇ ಕಾಸ್ಮಿಕ್ ಕಿರಣಗಳ ಅಧ್ಯಯನದಲ್ಲಿ ಬಳಸುವ ಪರಮಾಣು ಎಮಲ್ಷನ್ ಫಲಕಗಳಲ್ಲಿ ಕಣದ ಹಾದಿಯನ್ನು ತೋರುವ ಬೆಳ್ಳಿಯ ಹರಳುಗಳು ಒಂದು ಮೈಕ್ರೊಮೀಟರಿನ ಆಸುಪಾಸಿನವು. ಅವುಗಳನ್ನು ಫ್ಲಾಟ್‌ಬೆಡ್ ಸ್ಕ್ಯಾನರಿನಿಂದ ಅಳೆಯಹೊರಡುವುದು ವ್ಯರ್ಥ; ಸೂಕ್ಷ್ಮದರ್ಶಕವೇ ಬೇಕು.

ಇದೇ ಪಾರದರ್ಶಕ ಮುಚ್ಚಳವನ್ನು ಶಿಲೆಯ ಅಧ್ಯಯನಕ್ಕೂ ಒಗ್ಗಿಸಬಹುದು. ಕೋಲಾರದ ಚಿನ್ನ ದೊರೆತುದು ಕಪ್ಪು ಆಂಫಿಬೊಲೈಟ್ ಶಿಲೆಯ ನಡುವೆ ಹಾದುಹೋಗುವ ಬಿಳಿಯ ಕ್ವಾರ್ಟ್ಸ್ ಎಳೆಗಳಲ್ಲಿ. ಇಂತಹ ಶಿಲೆಯನ್ನು 30 ಮೈಕ್ರೊಮೀಟರ್ ತೆಳುವಾಗಿ ಉಜ್ಜಿ ಗಾಜಿಗೆ ಅಂಟಿಸಿದಾಗ ಅದು ಬೆಳಕನ್ನು ಹಾಯಿಸುತ್ತದೆ. ತೆಳುಚೂರಿನ ಕೆಳಗೊಂದು, ಮೇಲೊಂದು ಧ್ರುವೀಕರಣದ ಹಾಳೆಯನ್ನು ಪರಸ್ಪರ ಅಡ್ಡವಾಗಿ ಇರಿಸಿ ಸ್ಕ್ಯಾನ್ ಮಾಡಿದರೆ ಖನಿಜದ ಹರಳುಗಳು ಬೇರೆ ಬೇರೆ ಬಣ್ಣಗಳಲ್ಲಿ ಎದ್ದುಕಾಣುತ್ತವೆ. ಸೂಕ್ಷ್ಮದರ್ಶಕ ಒಮ್ಮೆಗೆ ಕೆಲವೇ ಮಿಲಿಮೀಟರನ್ನು ತೋರಿದರೆ ಸ್ಕ್ಯಾನರ್ ಇಡೀ ಚೂರನ್ನು ಒಂದೇ ಚಿತ್ರದಲ್ಲಿ ಕೊಡುತ್ತದೆ. ಹರಳುಗಳ ಗಾತ್ರ, ದಿಕ್ಕು, ಕ್ವಾರ್ಟ್ಸಿನ ಪ್ರಮಾಣಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಿಂದ ಎಣಿಸಬಹುದು.

ಕಪ್ಪಿನ ಪ್ರಮಾಣವನ್ನೇ ಅಳೆಯಬೇಕಾದಾಗ ಮಾತ್ರ ಹೆಚ್ಚಿನ ಎಚ್ಚರ ಬೇಕು. ಫಿಲ್ಮಿನ ಸಾಂದ್ರತೆ 1 ಎಂದರೆ ಹತ್ತರಲ್ಲಿ ಒಂದು ಪಾಲು ಬೆಳಕು, 2 ಎಂದರೆ ನೂರರಲ್ಲಿ ಒಂದು ಪಾಲು, 3 ಎಂದರೆ ಸಾವಿರದಲ್ಲಿ ಒಂದು ಪಾಲು ಹಾಯುತ್ತದೆ. 256 ಮೆಟ್ಟಿಲುಗಳ 8 ಬಿಟ್ ಚಿತ್ರದಲ್ಲಿ ಸಾಂದ್ರತೆ 2ರ ಭಾಗಕ್ಕೆ ಎರಡೂವರೆ ಮೆಟ್ಟಿಲು ಮಾತ್ರ ದಕ್ಕುತ್ತದೆ. 65,536 ಮೆಟ್ಟಿಲುಗಳ 16 ಬಿಟ್ ಚಿತ್ರ ಬೇಕಾಗುವುದು ಇದಕ್ಕಾಗಿಯೇ. ವಿಕಿರಣ ಚಿಕಿತ್ಸೆಯಲ್ಲಿ ಬಣ್ಣ ಬದಲಿಸುವ ಫಿಲ್ಮಿನಿಂದ ವಿಕಿರಣದ ಪ್ರಮಾಣವನ್ನು ಅಳೆಯಲು ಜಗತ್ತಿನಾದ್ಯಂತ ವೈದ್ಯಕೀಯ ಭೌತವಿಜ್ಞಾನಿಗಳು ಫ್ಲಾಟ್‌ಬೆಡ್ ಸ್ಕ್ಯಾನರುಗಳನ್ನೇ ಬಳಸುತ್ತಾರೆ. ಒಂದೇ ಫಿಲ್ಮು ಗಾಜಿನ ನಡುವೆ ಇದ್ದಾಗ ಒಂದು ಓದನ್ನೂ ಪಕ್ಕಕ್ಕೆ ಸರಿದಾಗ ಇನ್ನೊಂದು ಓದನ್ನೂ ಕೊಡುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಮತ್ತೊಂದನ್ನು ಎಂಬುದನ್ನು ಅವರು ಕಂಡುಕೊಂಡರು. ಅಂದಿನಿಂದ ಫಿಲ್ಮನ್ನು ಸದಾ ಒಂದೇ ಜಾಗದಲ್ಲಿ ಒಂದೇ ದಿಕ್ಕಿಗೆ ಇಡುವುದು ಅವರ ನಿಯಮವಾಯಿತು. ಜರ್ಮನಿಯ ಹ್ಯಾಂಬರ್ಗ್, ಬಾಂಬರ್ಗ್, ಪಾಟ್ಸ್‌ಡಾಮ್‌ಗಳ ಖಗೋಳ ಛಾಯಾಫಲಕಗಳನ್ನು ಗಣಕಕ್ಕೆ ಏರಿಸಿದಾಗಲೂ ಫ್ಲಾಟ್‌ಬೆಡ್ ಸ್ಕ್ಯಾನರುಗಳೇ ನೆರವಾದವು. ಅಲ್ಲಿ ಫಲಕದ ಮೇಲಿನ ನಕ್ಷತ್ರಗಳೇ ಅಳತೆಗೋಲು. ಅವುಗಳ ನಿಜವಾದ ಸ್ಥಾನ ಬೇರೆ ಮೂಲಗಳಿಂದ ತಿಳಿದಿರುವುದರಿಂದ ಬಂಡಿಯ ಓಟದ ತಪ್ಪುಗಳನ್ನು ಅವುಗಳಿಂದಲೇ ಕಂಡುಹಿಡಿಯಬಹುದು.

ಚಿತ್ರದೊಡನೆ ಉಳಿಯಬೇಕಾದುದು

ಮೇಲಿನ ಎಲ್ಲ ಶ್ರಮವೂ ಕಡತದ ಹೆಸರಿನಲ್ಲಿ ಒಂದು ಕ್ರಮಸಂಖ್ಯೆಯನ್ನು ಮಾತ್ರ ಬರೆದಿಟ್ಟರೆ ಐದು ವರ್ಷಗಳಲ್ಲಿ ವ್ಯರ್ಥವಾಗುತ್ತದೆ. ಯಾವ ಯಂತ್ರ, ಯಾವ ತಂತ್ರಾಂಶ, ಎಂದು ಅಂಶಾಂಕನವಾಯಿತು, ಆಗ ಬಂದ ಎರಡು ಗುಣಕಗಳೇನು, ಚದುರುವಿಕೆ ಎಷ್ಟು, ಅಂದಿನ ಕೋಣೆಯ ತೇವಾಂಶವೆಷ್ಟು, ದಾಖಲೆಯ ಯಾವ ಅಂಚು ಮೇಲಿತ್ತು ಎಂಬುವು ಚಿತ್ರದೊಡನೆಯೇ ಒಂದು ಪಠ್ಯಕಡತದಲ್ಲಿರಬೇಕು. ಗಾಜಿನ ಫಲಕದ ಸ್ಕ್ಯಾನುಗಳನ್ನೂ ದಾಖಲೆಗಳ ಸಂಗಡವೇ ಉಳಿಸಬೇಕು. ಏಕೆಂದರೆ ಯಂತ್ರ ಕೆಟ್ಟು ಮೂಲೆಗೆ ಸೇರಿದ ಮೇಲೆ ಅದರ ದೋಷಗಳನ್ನು ಮತ್ತೆ ಅಳೆಯಲು ಬೇರೆ ದಾರಿಯಿರುವುದಿಲ್ಲ. ಲೋಹದ ಮೂಲೆ, ಅಳತೆಪಟ್ಟಿ, ಬೂದುಪಟ್ಟಿ ಈ ಮೂರೂ ಚಿತ್ರದೊಳಗೇ ಇರುವಂತೆ ಸ್ಕ್ಯಾನ್ ಮಾಡಿದ ಮೂಲ ಕಡತವನ್ನು ಕತ್ತರಿಸದೆ ಹಾಗೆಯೇ ಇಡಬೇಕು. ಓದುಗರಿಗೆ ಕೊಡುವ ಅಂದವಾದ ಪ್ರತಿಯನ್ನು ಅದರಿಂದ ಬೇರೆಯಾಗಿ ತಯಾರಿಸಿಕೊಳ್ಳಬಹುದು.